ಥ್ರೀಡಿ ಮನೆಗೆ ಮಳೆಗಾಲವಿಲ್ಲ

ಮನೆ ಕಟ್ಟುವ ಮುನ್ನ ಅದರ ಚಿತ್ರ ನೋಡುವುದು ಈಗ ನಮ್ಮಲ್ಲಿ ರೂಢಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಇಂಜಿನಿಯರು ಕಂಪ್ಯೂಟರಿನಲ್ಲಿ ಮಾಡಿಸಿದ ‘ಥ್ರೀಡಿ’ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸುತ್ತಾರೆ. ದಮಾಮಿನಲ್ಲೋ ದುಬಾಯಿಯಲ್ಲೋ ದುಡಿಯುವ ಮಗ ನೋಡಿ ಒಪ್ಪಿಗೆ ಕೊಡುತ್ತಾನೆ. ಒಂದು ಕುಟುಂಬದ ಹತ್ತಿಪ್ಪತ್ತು ವರ್ಷಗಳ ಗಳಿಕೆ ಒಂದು ಚಿತ್ರವನ್ನು ನಂಬಿ ನಿಂತಿರುವಾಗ, ಕತೆ ಕವಿತೆಗಳನ್ನು ವಿಮರ್ಶಿಸುವ ನಾವು ಈ ಚಿತ್ರವನ್ನೂ ಒಮ್ಮೆ ಸರಿಯಾಗಿ ಓದಬೇಕಾಗಿದೆ.

ಅದರ ಗುಣವನ್ನು ಮೊದಲು ಹೇಳೋಣ. ನಕ್ಷೆಯ ಗೆರೆಗಳು ಬಲ್ಲವರಿಗೆ ಮಾತ್ರ ಅರ್ಥವಾಗುತ್ತಿದ್ದವು. ಚಿತ್ರ ಬಂದ ಮೇಲೆ ಮನೆಯ ಹೆಂಗಸರೂ “ಅಡುಗೆಕೋಣೆಗೆ ಬೆಳಕು ಸಾಲದು, ಬಾವಿಕಟ್ಟೆಗೆ ಹೋಗುವ ಬಾಗಿಲೆಲ್ಲಿ?” ಎಂದು ಕೇಳುವಂತಾಯಿತು.

ಆದರೆ ಚಿತ್ರದೊಳಗಿನ ಪ್ರಕೃತಿಯನ್ನು ನೋಡಿ. ಆಕಾಶ ಸದಾ ನೀಲಿ, ಇಲ್ಲವೇ ಸಂಜೆಗೆಂಪು. ನೆಲವೆಲ್ಲ ಕತ್ತರಿಸಿದ ಹುಲ್ಲಿನ ಹಾಸು. ಮರಗಳು ಯಾವ ಊರಿನವೆಂದು ಹೇಳಲಾಗದು. ತಂತ್ರಾಂಶದ ಉಗ್ರಾಣದಿಂದ ಎತ್ತಿ ನೆಟ್ಟವು. ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯ ಮನೆಯ ಚಿತ್ರದಲ್ಲಿ ಒಂದು ಹನಿ ಮಳೆಯಿಲ್ಲ.

ನಮ್ಮ ಕಡೆಯ ಮನೆಗೆ ರೂಪ ಕೊಟ್ಟದ್ದೇ ಮಳೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಅದರ ಮಾಡೂ ಇಳಿಜಾರು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮನೆಗಳು ಕ್ರಮೇಣ ಹಂಚಿಗೆ ಬದಲಾದವು, ಇಳಿಜಾರು ಹಾಗೆಯೇ ಉಳಿಯಿತು. ಗೋಡೆ ನೆನೆಯದಂತೆ ಮಾಡು ಹೊರಕ್ಕೆ ಚಾಚುತ್ತಿತ್ತು. ಅದರ ಕೆಳಗೆ ಜಗಲಿ, ಜಗಲಿಯಲ್ಲಿ ದಾರಿಹೋಕನಿಗೂ ಜಾಗ. ಮುಂದಿನ ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು, ಮದುವೆಯ ಚಪ್ಪರ ಏಳುತ್ತಿತ್ತು. ಉರ್ದುವಿನ ಆಂಗನ್, ಕನ್ನಡದ ಅಂಗಳ: ಹೆಸರೂ ಒಂದೇ ಬಳಗದ್ದು. ಚಿತ್ರದ ಹುಲ್ಲುಹಾಸಿನಲ್ಲಿ ಅಡಿಕೆಗೂ ಎಡೆಯಿಲ್ಲ, ಚಪ್ಪರಕ್ಕೂ ಎಡೆಯಿಲ್ಲ.

ಮಳೆಯನ್ನು ಮರೆತ ಚಿತ್ರವನ್ನು ಮಳೆಯೇ ಬಂದು ತಿದ್ದುತ್ತದೆ. ಚಪ್ಪಟೆ ತಾರಸಿ ಸೋರತೊಡಗಿದಾಗ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸುತ್ತಾರೆ. ಬಿ.ಸಿ.ರೋಡಿನಿಂದ ಉಜಿರೆಯ ತನಕ ಇಂಥ ಎಷ್ಟೋ ಮನೆಗಳಿವೆ: ಕೆಳಗೆ ಕಂಪ್ಯೂಟರಿನ ಚಿತ್ರ, ಮೇಲೆ ಆಟಿ ತಿಂಗಳ ತಿದ್ದುಪಡಿ. ಜೆಸಿಬಿಯಿಂದ ಗುಡ್ಡ ಕಡಿದು ಜಾಗ ಮಾಡಿದಾಗ ಹಿಂದೆ ಉಳಿಯುವ ಕಡಿದಾದ ಬರೆಗೆ ಚಿತ್ರ ಹಸಿರು ಬಳಿಯುತ್ತದೆ. ಆ ಬರೆ ಜುಲೈಯಲ್ಲಿ ಜರಿದೀತು. 1974ರಲ್ಲಿ ನೇತ್ರಾವತಿ ಬಂಟ್ವಾಳ ಪೇಟೆಯನ್ನು ಮುಳುಗಿಸಿದೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಹೊಳೆಗಳು ಮನೆ, ತೋಟಗಳಿಗೆ ನುಗ್ಗಿವೆ. ಇಷ್ಟಾದ ಮೇಲೂ ಚಿತ್ರದ ಹೊಳೆ ಕಿಟಕಿಯಿಂದ ನೋಡಿ ಆನಂದಿಸುವ ನೋಟವಾಗಿಯೇ ಉಳಿದರೆ ಅದು ಮನೆಯವರ ಜೀವದ ಪ್ರಶ್ನೆ.

ಅದೇ ತಂತ್ರಾಂಶ ಮೋಡವನ್ನೂ ಮಳೆಯನ್ನೂ ಬಿಡಿಸಬಲ್ಲದು, ಕೇಳುವವರಿಲ್ಲ. ಮನೆ ಕಟ್ಟಿಸುವವರು ಹಣ ಕೊಡುವ ಮುನ್ನ ಇನ್ನೊಂದು ಚಿತ್ರ ಕೇಳಲಿ. ಜುಲೈಯ ಮಧ್ಯಾಹ್ನ, ಪಡುವಣ ಗಾಳಿ. ಮಾಡಿನ ನೀರು ಎಲ್ಲಿ ಬೀಳುತ್ತದೆ, ಬರೆ ಎಷ್ಟು ಎತ್ತರ, ಬಂದವರು ಒದ್ದೆ ಕೊಡೆ ಎಲ್ಲಿಡಬೇಕು, ಎಲ್ಲವೂ ಅದರಲ್ಲಿ ಕಾಣಲಿ. ಆ ಚಿತ್ರದಲ್ಲೂ ಚೆಂದ ಕಂಡ ಮನೆಯನ್ನು ಧೈರ್ಯವಾಗಿ ಕಟ್ಟಬಹುದು.