ನೀರೇ ಸಾಕೆನ್ನುವ ಕಷಾಯ

ಗಿಡಮೂಲಿಕೆಯ ಸತ್ವ ತೆಗೆಯಲು ಕಷಾಯದಷ್ಟು ಶುದ್ಧವಾದ ವಿದ್ಯೆ ಇನ್ನೊಂದಿಲ್ಲ. ಆಯುರ್ವೇದದ ಶಾರ್ಙ್ಗಧರ ಸಂಹಿತೆ ಹೇಳುವ ಅಳತೆ ಸರಳ: ಒಂದು ಪಾಲು ಮೂಲಿಕೆಗೆ 16 ಪಾಲು ನೀರು, ಅದು ಎಂಟರಲ್ಲೊಂದು ಪಾಲಿಗೆ ಇಳಿಯುವವರೆಗೆ ಸಣ್ಣ ಉರಿ. ತುಳಸಿ, ನೆಲ್ಲಿಯಲ್ಲಿರುವ ಫೀನಾಲಿಕ್ ಅಂಶಗಳು, ಟ್ಯಾನಿನ್‌ಗಳಂಥ ಉತ್ಕರ್ಷಣ ನಿರೋಧಕಗಳು ನೀರಿಗೆ ಸುಲಭವಾಗಿ ಇಳಿಯುತ್ತವೆ. ಕಚ್ಚಾ ತೈಲದಿಂದ ಬರುವ ಹೆಕ್ಸೇನ್‌ನಂಥ ದ್ರಾವಕ ಬೇಡ, ಅದರ ಶೇಷ ತೆಗೆಯುವ ಕೆಲಸವೂ ಬೇಡ; ಉಳಿದ ಚರಟ ನೇರವಾಗಿ ಗೊಬ್ಬರಕ್ಕೆ.

ಅರಿಶಿನದ ಕರ್ಕ್ಯುಮಿನ್ ನೀರಿಗೆ ಬಾರದು ಎಂಬ ಆಕ್ಷೇಪ ನಿಜ. ಅದಕ್ಕೆ ಹಾಲು, ತುಪ್ಪದ ದಾರಿ ಇದೆ. ಕುದಿಸಿದರೆ ನೆಲ್ಲಿಕಾಯಿಯ ಸಿ ಜೀವಸತ್ವ ಕುಂದುತ್ತದೆ ಎಂಬುದಕ್ಕೂ ಉತ್ತರ ಹಳೆಯದೇ: ರಾತ್ರಿಯಿಡೀ ತಣ್ಣೀರಲ್ಲಿ ನೆನೆಸುವ ‘ಹಿಮ’. ಕಲಬುರಗಿ ಜಿಲ್ಲೆಯಲ್ಲಿ ನಿಜವಾದ ತೊಡಕು ಬೇರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ಸುಣ್ಣಕಲ್ಲು ಸಿಮೆಂಟಿಗೂ ಹಾಸುಗಲ್ಲಿಗೂ ಹೆಸರುವಾಸಿ. ಅದೇ ಕಲ್ಲು ಬೋರ್‌ವೆಲ್ ನೀರನ್ನು ಗಡುಸು ಮಾಡುತ್ತದೆ. ಆ ನೀರಿನ ಕ್ಯಾಲ್ಸಿಯಂ ಟ್ಯಾನಿನ್‌ಗಳನ್ನು ಹಿಡಿದಿಡುತ್ತದೆ, ಕ್ಷಾರಗುಣ ಅವನ್ನು ಬೇಗ ಕೆಡಿಸುತ್ತದೆ. ಆದ್ದರಿಂದ ಕಷಾಯಕ್ಕೆ ಶುದ್ಧ ಮಳೆನೀರನ್ನು ಸೋಸಿ ಬಳಸಿ. ಮೂಲಿಕೆಗಾಗಿ ಚಿಂಚೋಳಿ ವನ್ಯಜೀವಿಧಾಮದ ಕಾಡಿಗೆ ಕೈಹಾಕದೆ ಹಿತ್ತಲಲ್ಲೇ ಬೆಳೆಯಿರಿ. ಕಾಸಿದ್ದನ್ನು ಅಂದೇ ಕುಡಿಯಿರಿ.