ಎರಡು ಹೆಸರುಗಳ ನಡುವೆ ಒಂದು 'ಮತ್ತು'

ಅಮೆರಿಕದ ಲೂಯಿಸಿಯಾನ ರಾಜ್ಯದ ದಕ್ಷಿಣ ಅಂಚಿನಲ್ಲಿ, ಮೆಕ್ಸಿಕೊ ಕೊಲ್ಲಿಗೆ ಸಮೀಪ ಮಾರ್ಗನ್ ಸಿಟಿ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿ ಪ್ರತಿವರ್ಷ ಸೆಪ್ಟೆಂಬರ್ ಆರಂಭದ ಹೊತ್ತಿಗೆ ನಡೆಯುವ ಜಾತ್ರೆಯ ಹೆಸರು 'ಸೀಗಡಿ ಮತ್ತು ಪೆಟ್ರೋಲಿಯಂ ಉತ್ಸವ'. ಮೊದಲ ಸಲ ಕೇಳಿದವರಿಗೆ ಇದು ಯಾರೋ ಮಾಡಿದ ತಮಾಷೆಯೆಂದೇ ಅನಿಸೀತು. ಆದರೆ ಊರಿನವರಿಗೆ ಅದರಲ್ಲಿ ನಗುವಂಥದ್ದೇನೂ ಇಲ್ಲ. 1936ರಲ್ಲಿ ಇದು ಬರೀ ಸೀಗಡಿ ಉತ್ಸವವಾಗಿ ಶುರುವಾಯಿತು. 1947ರಲ್ಲಿ ಇದೇ ಊರನ್ನು ನೆಲೆಯಾಗಿಸಿಕೊಂಡು, ದಡಕ್ಕೆ ಕಾಣಿಸದಷ್ಟು ದೂರದ ಸಮುದ್ರದಲ್ಲಿ ತೈಲ ಬಾವಿ ಕೊರೆಯಲಾಯಿತು. ಊರಿನ ಗಂಡಸರು ಬಲೆ ಬಿಟ್ಟು ತೈಲದ ಕೆಲಸಕ್ಕೆ ಹೋಗತೊಡಗಿದರು. 1967ರಲ್ಲಿ ಉತ್ಸವದ ಹೆಸರಿಗೂ ಪೆಟ್ರೋಲಿಯಂ ಸೇರಿಕೊಂಡಿತು. ಹಬ್ಬದ ದಿನ ಪಾದ್ರಿಗಳು ದೋಣಿಗಳನ್ನು ಆಶೀರ್ವದಿಸುತ್ತಾರೆ. ಮೀನುಗಾರರ ದೋಣಿಗಳ ಜೊತೆಗೆ ತೈಲ ಉದ್ಯಮದ ಹಡಗುಗಳಿಗೂ ಅದೇ ಪವಿತ್ರ ಜಲ.

ಈ 'ಮತ್ತು' ಎಂಬ ಪುಟ್ಟ ಪದ ಎಷ್ಟು ಭಾರ ಹೊತ್ತಿದೆ ನೋಡಿ. ತೈಲ ಕಂಪನಿಗಳು ಜೌಗು ನೆಲದಲ್ಲಿ ತೋಡಿದ ಕಾಲುವೆಗಳ ಮೂಲಕ ಉಪ್ಪುನೀರು ಒಳನುಗ್ಗಿತು, ಹುಲ್ಲು ಸತ್ತಿತು, ಮಣ್ಣು ಕೊಚ್ಚಿಹೋಯಿತು. 1930ರ ದಶಕದಿಂದೀಚೆಗೆ ಲೂಯಿಸಿಯಾನ ಸುಮಾರು 5,000 ಚದರ ಕಿಲೋಮೀಟರ್ ಕರಾವಳಿಯನ್ನು ಕಳೆದುಕೊಂಡಿದೆ. ಅದಕ್ಕೆ ಕಾಲುವೆಗಳೊಂದೇ ಕಾರಣವಲ್ಲ; ಮಿಸಿಸಿಪ್ಪಿ ನದಿಗೆ ಕಟ್ಟಿದ ಒಡ್ಡುಗಳದ್ದೂ ದೊಡ್ಡ ಪಾಲಿದೆ. ಆದರೂ ಸೀಗಡಿ ಮರಿಗಳು ಬೆಳೆಯುವ ತೊಟ್ಟಿಲು ಆ ಜೌಗು ನೆಲವೇ. 2010ರ ಏಪ್ರಿಲ್ 20ರಂದು ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ವೇದಿಕೆ ಸ್ಫೋಟಗೊಂಡು 11 ಮಂದಿ ಸತ್ತರು, ಎಣ್ಣೆ ಹರಿದು ಕೊಲ್ಲಿಯ ದೊಡ್ಡ ಭಾಗದಲ್ಲಿ ಮೀನುಗಾರಿಕೆಯೇ ನಿಂತಿತು. ಆ ವರ್ಷವೂ ಸೀಗಡಿ ಮತ್ತು ಪೆಟ್ರೋಲಿಯಂ ಉತ್ಸವ ನಡೆಯಿತು. ಹೊರಗಿನವರಿಗೆ ಇದು ವ್ಯಂಗ್ಯವಾಗಿ ಕಂಡಿತು. ಅಣ್ಣ ದೋಣಿಯಲ್ಲಿ, ತಮ್ಮ ತೈಲ ವೇದಿಕೆಯಲ್ಲಿ ದುಡಿಯುವ ಮನೆಗೆ ಯಾವುದನ್ನು ಬಿಡಲು ಹೇಳುತ್ತೀರಿ? ಹೊಟ್ಟೆಪಾಡಿನ ಎರಡು ದಾರಿಗಳನ್ನು ಒಂದೇ ಹಂದರದ ಕೆಳಗೆ ತಂದದ್ದು ಹಬ್ಬದ ಜಾಣತನ. ಒಂದು ದಾರಿ ಇನ್ನೊಂದನ್ನು ತಿನ್ನುತ್ತಿದೆ ಎಂದು ಹೇಳದಿರುವುದೂ ಅದೇ ಜಾಣತನ.

ದಕ್ಷಿಣ ಲೂಯಿಸಿಯಾನದ 22 ಪ್ಯಾರಿಷ್‌ಗಳ (ಅಲ್ಲಿ ಜಿಲ್ಲೆಗೆ ಹಾಗೆನ್ನುತ್ತಾರೆ) ಈ ಪ್ರದೇಶವನ್ನು 1971ರಿಂದ ಅಧಿಕೃತವಾಗಿ ಅಕೇಡಿಯಾನ ಎಂದು ಕರೆಯಲಾಗುತ್ತಿದೆ. ಇಲ್ಲಿ ಹಬ್ಬಕ್ಕೆ ನೆಪ ಬೇಕಿಲ್ಲ. ಕ್ರೌಲಿಯಲ್ಲಿ 1937ರಿಂದ ಅಕ್ಕಿಗೊಂದು ಉತ್ಸವ. ಬ್ರೋ ಬ್ರಿಜ್ ಎಂಬ ಊರನ್ನು ಶಾಸನಸಭೆ 1959ರಲ್ಲಿ 'ಜಗತ್ತಿನ ಕ್ರಾಫಿಷ್ ರಾಜಧಾನಿ' ಎಂದು ಘೋಷಿಸಿತು. ಕ್ರಾಫಿಷ್ ಎಂದರೆ ಕೆಸರಿನಲ್ಲಿ ಬದುಕುವ, ಸೀಗಡಿಯನ್ನು ಹೋಲುವ ಜೀವಿ. ಹಿಂದೆ ಬಡವರ ಆಹಾರವೆಂದು ಮೂಗು ಮುರಿಸಿಕೊಂಡಿದ್ದ ಅದಕ್ಕೆ ಮರುವರ್ಷದಿಂದಲೇ ಉತ್ಸವ ಶುರುವಾಯಿತು. ಮಾಂಸದ ಸಾಸೇಜಿಗೆ, ಸಿಹಿಗೆಣಸಿಗೆ, ಗಂಬೊ ಎಂಬ ಸಾರಿಗೆ ಕೂಡ ಹಬ್ಬಗಳಿವೆ. ಇವುಗಳಲ್ಲಿ ಬಹುಪಾಲು ವ್ಯಾಪಾರ, ಮೆರವಣಿಗೆ, ರಾಣಿಯ ಕಿರೀಟ. ಅದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಆದರೆ ಕೆಲವು ಹಬ್ಬಗಳು ಬೇರೆಯೇ ಕೆಲಸ ಮಾಡಿವೆ. ಒಂದು ಜನಾಂಗಕ್ಕೆ ತಲೆಯೆತ್ತುವ ಧೈರ್ಯ ಕೊಟ್ಟಿವೆ. ಹಾಗೆ ಕೊಡುವಾಗ ಪಕ್ಕದಲ್ಲಿದ್ದ ಇನ್ನೊಂದು ಜನಾಂಗವನ್ನು ಮರೆತಿವೆ. ನನ್ನ ತಕರಾರು ಇರುವುದು ಅಲ್ಲಿ.

ಕೇಜನ್ ಎಂಬುದು 'ಅಕೇಡಿಯನ್' ಪದದ ಸವೆದ ರೂಪ. ಇಂದಿನ ಕೆನಡಾದ ನೋವಾ ಸ್ಕೋಷಿಯಾದಲ್ಲಿದ್ದ ಫ್ರೆಂಚ್ ಭಾಷಿಕ ಕ್ಯಾಥೊಲಿಕ್ ರೈತರನ್ನು 1755ರಲ್ಲಿ ಬ್ರಿಟಿಷರು ಹಡಗಿಗೆ ತುಂಬಿ ಗಡೀಪಾರು ಮಾಡಿದರು. ಮನೆಗಳನ್ನು ಸುಟ್ಟರು, ಕುಟುಂಬಗಳನ್ನು ಚದುರಿಸಿದರು. ಅಲೆದಲೆದು ಅವರಲ್ಲಿ ಒಂದಷ್ಟು ಮಂದಿ 1760ರ ದಶಕದಲ್ಲಿ ಲೂಯಿಸಿಯಾನ ತಲುಪಿದರು. ಕ್ರಿಯೋಲ್ ಎಂಬ ಪದದ ಕತೆ ಇನ್ನಷ್ಟು ಸಿಕ್ಕು. ವಸಾಹತು ಕಾಲದಲ್ಲಿ ಆ ನೆಲದಲ್ಲಿ ಹುಟ್ಟಿದ ಎಲ್ಲರೂ, ಬಿಳಿಯರಾಗಲಿ ಕರಿಯರಾಗಲಿ, ಕ್ರಿಯೋಲರೇ. ಹುಲ್ಲುಗಾವಲಿನ ಈ ಹಳ್ಳಿಗಳಲ್ಲಿ ಅದೀಗ ಹೆಚ್ಚಾಗಿ ಆಫ್ರಿಕನ್ ಮೂಲದ, ಮಿಶ್ರ ರಕ್ತದ, ಫ್ರೆಂಚ್ ಇಲ್ಲವೇ ಕ್ರಿಯೋಲ್ ನುಡಿಯ ಹಿನ್ನೆಲೆಯ ಕ್ಯಾಥೊಲಿಕರನ್ನು ಸೂಚಿಸುತ್ತದೆ. ಇಬ್ಬರೂ ಅದೇ ಗದ್ದೆಗಳಲ್ಲಿ ಗೇಣಿಗೆ ದುಡಿದರು, ಅದೇ ಅಕಾರ್ಡಿಯನ್ ನುಡಿಸಿದರು, ಅದೇ ಗಂಬೊ ಉಂಡರು. ಗಂಬೊ ಎಂಬ ಪದ ಆಫ್ರಿಕದ ಭಾಷೆಗಳಿಂದ ಬಂದದ್ದು. ಅದರ ಅರ್ಥ ಬೆಂಡೆಕಾಯಿ. ಇಂದು ಪ್ರವಾಸಿಗರಿಗೆ 'ಕೇಜನ್ ಅಡುಗೆ' ಎಂದು ಬಡಿಸುವ ಬಟ್ಟಲಿನಲ್ಲೇ ಗುಲಾಮರ ಭಾಷೆ ಕುದಿಯುತ್ತಿದೆ.

ಇಬ್ಬರಿಗೂ ಒಂದೇ ಏಟು ಬಿದ್ದದ್ದು ಶಾಲೆಯಲ್ಲಿ. 1921ರ ರಾಜ್ಯ ಸಂವಿಧಾನ ಇಂಗ್ಲಿಷೊಂದೇ ಬೋಧನೆಯ ಭಾಷೆ ಎಂದಿತು. ಫ್ರೆಂಚ್ ಮಾತಾಡಿದ ಮಕ್ಕಳು ಶಿಕ್ಷೆ ಅನುಭವಿಸಿದರು. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ತಾಯ್ನುಡಿ ನಾಚಿಕೆಯ ವಿಷಯವಾಯಿತು, ಅಜ್ಜನ ಪಿಟೀಲು ಹಳ್ಳಿಗುಗ್ಗುಗಳ ಗದ್ದಲವಾಯಿತು. 1964ರಲ್ಲಿ ಬಸೀಲ್ ಎಂಬ ಹಳ್ಳಿಯ ಡ್ಯೂಯಿ ಬಾಲ್ಫಾ ದೂರದ ನ್ಯೂಪೋರ್ಟ್ ಜಾನಪದ ಉತ್ಸವಕ್ಕೆ ಹೋಗಿ ಸಾವಿರಾರು ಜನರ ಚಪ್ಪಾಳೆ ಗಿಟ್ಟಿಸಿಕೊಂಡು ಬಂದ. ಶಾಲಾ ಬಸ್ಸು ಓಡಿಸುತ್ತಿದ್ದ ಮನುಷ್ಯ ಅವನು. ಆ ಚಪ್ಪಾಳೆಯ ಸದ್ದನ್ನು ತನ್ನ ಊರಿಗೂ ಕೇಳಿಸಬೇಕೆಂಬುದೇ ಮುಂದೆ ಅವನ ಬದುಕಿನ ಕೆಲಸವಾಯಿತು.

ಫ್ರೆಂಚ್ ಭಾಷೆಯ ಉಳಿವಿಗಾಗಿ 1968ರಲ್ಲಿ ರಾಜ್ಯವೇ ಒಂದು ಮಂಡಳಿ ರಚಿಸಿತು. ಅದರ ಆಶ್ರಯದಲ್ಲಿ, ಬಾಲ್ಫಾ ಮತ್ತು ಯುವ ವಿದ್ವಾಂಸ ಬ್ಯಾರಿ ಜೀನ್ ಆನ್ಸ್‌ಲೇ ಮುಂತಾದವರ ಓಡಾಟದಿಂದ, 1974ರ ಮಾರ್ಚ್ 26ರಂದು ಲಫಾಯೆಟ್ ನಗರದ ಬ್ಲ್ಯಾಕ್‌ಹ್ಯಾಮ್ ಕ್ರೀಡಾಂಗಣದಲ್ಲಿ 'ಕೇಜನ್ ಸಂಗೀತಕ್ಕೆ ಗೌರವ' ಎಂಬ ಕಛೇರಿ ನಡೆಯಿತು. ಹೊರಗೆ ಮಳೆ, ಒಳಗೆ ಹಿಡಿಸಲಾರದಷ್ಟು ಜನ. ಸಂಘಟಕರು ಕುಣಿತಕ್ಕೆ ಅವಕಾಶ ಕೊಟ್ಟಿರಲಿಲ್ಲ. ಈ ಸಂಗೀತ ಕುಣಿಯುವುದಕ್ಕೆಂದೇ ಹುಟ್ಟಿದ್ದು. ಹೊಗೆ ತುಂಬಿದ ನೃತ್ಯಶಾಲೆಗಳಲ್ಲಿ ಅದರತ್ತ ಬೆನ್ನು ಮಾಡಿಯೇ ಜನ ಕುಣಿಯುತ್ತಿದ್ದರು. ಅಂದು ಮೊದಲ ಬಾರಿಗೆ ಕೂತು, ಮುಖ ನೋಡಿ, ಕಿವಿಗೊಟ್ಟು ಕೇಳಿದರು. ಗೌರವ ಎಂದರೆ ಇದೇ ಎಂದು ತೋರಿಸಲು ಈ ಉಪಾಯ. ಅದು ಫಲಿಸಿತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಸಂಗೀತವನ್ನು ಅದರ ಕಾಲುಗಳಿಂದ ಬೇರ್ಪಡಿಸಿ ವೇದಿಕೆಗೇರಿಸಿದ್ದೂ ಅದೇ ದಿನ. ಮುಂದೆ ಇದು ಬಯಲಿಗೆ ಬಂದು, 'ಫೆಸ್ಟಿವಲ್ಸ್ ಅಕೇಡಿಯೆನ್ಸ್' ಎಂಬ ವಾರ್ಷಿಕ ಉತ್ಸವವಾಗಿ ಬೆಳೆದು, ಕುಣಿತವೂ ಮರಳಿತು. ಇರಲಿ.

ಆ ರಾತ್ರಿ ವೇದಿಕೆಯಲ್ಲಿ ಕರಿಯ ಕ್ರಿಯೋಲರೂ ಇದ್ದರು. ಝೈಡಿಕೊ ಸಂಗೀತದ ದೊರೆ ಎನಿಸಿದ ಕ್ಲಿಫ್ಟನ್ ಶೆನಿಯೇ ಇದ್ದ, ಬ್ವಾ ಸೆಕ್ ಆರ್ದ್ವಾ ಮತ್ತು ಕಾನ್ರೇ ಫಾಂಟೆನೋ ಜೋಡಿ ಇತ್ತು. ಕರೆಯಲಿಲ್ಲವೆಂದು ಸಂಘಟಕರನ್ನು ದೂರುವಂತಿಲ್ಲ. ಆದರೆ ಕರೆದದ್ದು ಯಾವ ಹೆಸರಿನ ಮನೆಗೆ? ಹೊರಗಿನ ಫಲಕದಲ್ಲಿದ್ದದ್ದು ಕೇಜನ್ ಎಂಬ ಒಂದೇ ಪದ. ಅಲ್ಲಿಂದಾಚೆಗೆ ಆ ಪದ ತೈಲದ ಹಣದ ಕಾಲದಲ್ಲಿ ಎಲ್ಲೆಡೆ ಹಬ್ಬಿತು. ವಿಶ್ವವಿದ್ಯಾಲಯದ ಆಟದ ತಂಡ ಕೇಜನ್, 1985ರಲ್ಲಿ ತೆರೆದ ಲಫಾಯೆಟ್‌ನ ಕ್ರೀಡಾಂಗಣ 'ಕೇಜನ್‌ಡೋಮ್', ಹೋಟೆಲಿನ ತಟ್ಟೆ ಕೇಜನ್. ಆ ತಂಡದಲ್ಲಿ ಆಡುವ ಕರಿಯ ಹುಡುಗನೂ ಅಂಗಿಯ ಮೇಲೆ ಕೇಜನ್!

ಇದರ ಹಿಂದೆ ಒಂದು ಹಳೆಯ ಗಾಯವಿದೆ. ಇಂದು ಕೇಜನ್ ಸಂಗೀತವೆಂದು ಕರೆಯುವುದರ ತಳಪಾಯದಲ್ಲಿರುವುದು ಅಮೆದೆ ಆರ್ದ್ವಾ ಎಂಬ ಕರಿಯ ಕ್ರಿಯೋಲ್ ಅಕಾರ್ಡಿಯನ್ ವಾದಕನ ಧ್ವನಿಮುದ್ರಿಕೆಗಳು. 1929ರಲ್ಲಿ ಆತ ಡೆನಿಸ್ ಮೆಗೀ ಎಂಬ ಬಿಳಿಯ ಪಿಟೀಲುಗಾರನ ಜೊತೆ ಕೂತು ಮುದ್ರಿಸಿದ. ಕರಿಯರು ಮತ್ತು ಬಿಳಿಯರು ಒಂದೇ ಮೇಜಿನಲ್ಲಿ ಉಣ್ಣಲಾಗದ ಕಾಲವದು. ಒಂದು ರಾತ್ರಿ ಬಿಳಿಯರ ಕುಣಿತದ ಮನೆಯಲ್ಲಿ ನುಡಿಸುತ್ತಿದ್ದಾಗ ಅವನಿಗೆ ಬಿಳಿಯ ಹೆಣ್ಣುಮಗಳೊಬ್ಬಳು ಬೆವರೊರೆಸಿಕೊಳ್ಳಲು ಕರವಸ್ತ್ರ ಕೊಟ್ಟಳಂತೆ, ಅಷ್ಟಕ್ಕೇ ಹೊರಗೆ ಕಾದಿದ್ದವರು ಬಡಿದು ಹಾಕಿದರಂತೆ. ವಿಷವುಣಿಸಿದರೆಂಬ ಬೇರೆ ಕತೆಯೂ ಇದೆ. ಯಾವುದು ನಿಜವಾದರೂ, 1942ರಲ್ಲಿ ಪೈನ್‌ವಿಲ್‌ನ ಮಾನಸಿಕ ಆಸ್ಪತ್ರೆಯಲ್ಲಿ ಆತ ಸತ್ತ, ಗುರುತಿಲ್ಲದ ಗೋರಿಯಲ್ಲಿ ಹೂತರು. ಅವನ ಧಾಟಿಗಳು ಮಾತ್ರ ಬಿಳಿಯ ವಾದಕರ ಕೈಯಲ್ಲಿ ಬದುಕಿದವು. ಒಪಲೂಸಸ್ ಊರಿನ ಬಳಿ ಅವನ ಪ್ರತಿಮೆ ನಿಂತದ್ದು 2018ರಲ್ಲಿ.

ಹಾಗಾಗಿ 1982ರಲ್ಲಿ ಒಪಲೂಸಸ್ ಬಳಿಯ ಪ್ಲೇಸಾನ್ಸ್ ಎಂಬ ಕುಗ್ರಾಮದ ಹೊಲದಲ್ಲಿ ಕ್ರಿಯೋಲರು ತಮ್ಮದೇ ಝೈಡಿಕೊ ಉತ್ಸವ ಶುರುಮಾಡಿದ್ದನ್ನು ಪ್ರತ್ಯೇಕತಾವಾದ ಎಂದು ಬಯ್ಯುವುದು ಸುಲಭ, ನ್ಯಾಯವಲ್ಲ. ಅದನ್ನು ಕಟ್ಟಿದ್ದು ಸಣ್ಣ ಕರಿಯ ರೈತರ ನಡುವೆ ಕೆಲಸ ಮಾಡುತ್ತಿದ್ದ ಸಂಸ್ಥೆ ಎಂಬುದನ್ನು ಗಮನಿಸಬೇಕು. ಅಷ್ಟೊತ್ತಿಗೆ ಈ ಸಂಗೀತ ತನ್ನ ಮನೆಯಲ್ಲೇ ಮುದುಕರ ಪಾಲಾಗುತ್ತಿತ್ತು. ಹೊಲದ ಉತ್ಸವ ಹುಡುಗರನ್ನು ಅಕಾರ್ಡಿಯನ್ನಿನತ್ತ ತಿರುಗಿಸಿತು.

2008ರಲ್ಲಿ ಎರಡು ಸಂಗತಿಗಳು ನಡೆದವು. ಗ್ರ್ಯಾಮಿ ಪ್ರಶಸ್ತಿಯವರು 'ಝೈಡಿಕೊ ಅಥವಾ ಕೇಜನ್' ಎಂಬ ವಿಭಾಗದಲ್ಲಿ ಮೊದಲ ಪ್ರಶಸ್ತಿ ಕೊಟ್ಟರು. ಅದು ಕ್ರಿಯೋಲ್ ಗಾಯಕ ಟೆರೆನ್ಸ್ ಸಿಮಿಯೆನ್‌ಗೆ ಹೋಯಿತು. ನಾಲ್ಕೇ ವರ್ಷ ಬಾಳಿದ ವಿಭಾಗವದು. ಅದೇ ವರ್ಷ ಲಫಾಯೆಟ್‌ನ ಉತ್ಸವ 'ಫೆಸ್ಟಿವಲ್ಸ್ ಅಕೇಡಿಯೆನ್ಸ್ ಎ ಕ್ರಿಯೋಲ್ಸ್' ಎಂದು ಹೆಸರು ಬದಲಿಸಿಕೊಂಡಿತು. ಫ್ರೆಂಚಿನ ಆ 'ಎ' ಎಂದರೆ 'ಮತ್ತು'. ಮೊದಲ ಕಛೇರಿ ನಡೆದು 34 ವರ್ಷಗಳ ನಂತರ ಬಂದ ಒಂದಕ್ಷರ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮಾರ್ಗನ್ ಸಿಟಿಯ 'ಮತ್ತು'ವಿನಂತೆ ಇದೂ ಎರಡು ಹೆಸರುಗಳನ್ನು ಅಕ್ಕಪಕ್ಕ ಕೂರಿಸುತ್ತದೆ. ಅವುಗಳ ನಡುವೆ ನಡೆದದ್ದನ್ನು ಹೇಳುವುದಿಲ್ಲ.

ವೇದಿಕೆ ಇಲ್ಲದ ಹಬ್ಬದಲ್ಲಾದರೂ ಬೇರೆ ಚಿತ್ರ ಸಿಗುತ್ತದೆಯೇ? ಕ್ರೈಸ್ತರ ಉಪವಾಸದ ಕಾಲ ಬೂದಿ ಬುಧವಾರದಿಂದ ಆರಂಭ. ಅದರ ಹಿಂದಿನ ದಿನ ಮಾರ್ಡಿ ಗ್ರಾ. ನ್ಯೂ ಆರ್ಲಿಯನ್ಸ್ ನಗರದ ಮಣಿಸರಗಳ ಮೆರವಣಿಗೆಯನ್ನು ಟಿವಿಯಲ್ಲಿ ನೋಡಿದವರಿಗೆ ಹಳ್ಳಿಯ ಮಾರ್ಡಿ ಗ್ರಾ ಗುರುತೇ ಸಿಗದು. ಬೆಳಗಿನ ಜಾವ ಚಿಂದಿ ಬಟ್ಟೆಯ ಬಣ್ಣದ ವೇಷ, ತಂತಿಬಲೆಯ ಮುಖವಾಡ, ಚೂಪು ಟೋಪಿ ತೊಟ್ಟವರು ಕುದುರೆ, ಬಂಡಿಗಳ ಮೇಲೆ ಹೊರಡುತ್ತಾರೆ. ಮುಖವಾಡವಿಲ್ಲದ ಮುಖ್ಯಸ್ಥ ಬಿಳಿ ಬಾವುಟ ಹಿಡಿದು ಮೊದಲು ಮನೆಯವರ ಅಪ್ಪಣೆ ಕೇಳುತ್ತಾನೆ. ಅಪ್ಪಣೆ ಸಿಕ್ಕರೆ ಉಳಿದವರು ಬಂದು ಹಾಡಿ, ಕುಣಿದು, ಅಂಗೈ ಚಾಚಿ ಬೇಡುತ್ತಾರೆ. ಮನೆಯವರು ಜೀವಂತ ಕೋಳಿಯನ್ನು ಗಾಳಿಗೆ ಎಸೆಯುತ್ತಾರೆ. ಕೆಸರಿನಲ್ಲಿ ಬಿದ್ದೆದ್ದು ಅದನ್ನು ಹಿಡಿಯಬೇಕು. ಸಂಜೆ ಊರಿಗೆಲ್ಲ ಅದೇ ಕೋಳಿಯ ಗಂಬೊ. ಎರಡನೇ ಮಹಾಯುದ್ಧದ ಹೊತ್ತಿಗೆ ನಿಂತೇಹೋಗಿದ್ದ ಈ ಓಟ ಮಾಮೂ ಊರಿನಲ್ಲಿ 1950ರ ದಶಕದ ಆರಂಭದಲ್ಲೂ ಚರ್ಚ್ ಪಾಯಿಂಟ್‌ನಲ್ಲಿ 1961ರಲ್ಲೂ ಮರುಜೀವ ಪಡೆಯಿತು.

ಒಂದು ದಿನದ ಮಟ್ಟಿಗೆ ಎಲ್ಲರೂ ಭಿಕ್ಷುಕರು, ಊಟ ಎಲ್ಲರದು: ಇದು ನಿಜಕ್ಕೂ ದೊಡ್ಡ ಕಲ್ಪನೆ. ಆದರೆ ಮುಖವಾಡದ ಒಳಗೆ ಯಾರಿರಬಹುದು ಎಂಬುದಕ್ಕೆ ನಿಯಮಗಳಿವೆ. ಮಾಮೂವಿನ ಓಟ ಗಂಡಸರದ್ದು. ಟೀ ಮಾಮೂ ಎಂಬಲ್ಲಿ 1970ರ ದಶಕದಲ್ಲಿ ಹೆಂಗಸರು ತಮ್ಮದೇ ಓಟ ಹೊರಡಿಸಿದರು. ಕ್ಯಾರೊಲಿನ್ ವೇರ್ 2007ರಲ್ಲಿ ಇದರ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಬಿಳಿಯರ ಕೆಲವು ಓಟಗಳಲ್ಲಿ ಮುಖಕ್ಕೆ ಮಸಿ ಬಳಿದುಕೊಂಡು ಕರಿಯರ ವೇಷ ಹಾಕುವುದೂ ಇತ್ತು. ಸಂಪ್ರದಾಯ, ಅವಮಾನವಲ್ಲ ಎಂಬುದು ಸಮರ್ಥನೆ. ಚೂಪು ಟೋಪಿ ಮಧ್ಯಯುಗದ ಫ್ರಾನ್ಸಿನ ಸಿರಿವಂತ ಹೆಂಗಸರ ಅಣಕವೇ ಹೊರತು ಕು ಕ್ಲಕ್ಸ್ ಕ್ಲಾನಿನದ್ದಲ್ಲ ಎಂಬ ಮಾತನ್ನು ಒಪ್ಪೋಣ. ಮಸಿಗೆ ಆ ವಿನಾಯಿತಿ ಸಲ್ಲದು. ಮೇಲಿನವರನ್ನು ಅಣಕಿಸುವುದಕ್ಕೂ ವರ್ಷದ ಉಳಿದ ದಿನಗಳಲ್ಲಿ ಯಾರನ್ನು ತುಳಿಯುತ್ತೇವೋ ಅವರ ಮುಖವನ್ನೇ ತೊಟ್ಟು ನಗಿಸುವುದಕ್ಕೂ ವ್ಯತ್ಯಾಸವಿದೆ.

ಕರಿಯ ಕ್ರಿಯೋಲರ ಓಟಗಳು ಸಣ್ಣವು, ಸೌಮ್ಯ. ಅಪರಿಚಿತರ ಅಂಗಳದಲ್ಲಿ ಗದ್ದಲ ಮಾಡುವ ಸ್ವಾತಂತ್ರ್ಯ ಆ ಕಾಲದಲ್ಲಿ ಕರಿಯನಿಗೆಲ್ಲಿತ್ತು? ಲೆಸ್ ಬ್ಲ್ಯಾಂಕ್ 1973ರಲ್ಲಿ ತೆಗೆದ 'ಡ್ರೈ ವುಡ್' ಎಂಬ ಕಿರುಚಿತ್ರದಲ್ಲಿ ಇಂಥ ಮಾರ್ಡಿ ಗ್ರಾ ಇದೆ. ಅಮೆದೆಯ ಸೋದರಸಂಬಂಧಿ ಬ್ವಾ ಸೆಕ್, ಅವನ ಮಕ್ಕಳು, ಕಾನ್ರೇ ಫಾಂಟೆನೋ ಅದರ ಜೀವಾಳ. ಈ ಹಬ್ಬಗಳ ಬಗ್ಗೆ ಬಂದ ಚಿತ್ರಗಳಲ್ಲಿ ನನಗೆ ಇದೇ ಹೆಚ್ಚು ಪ್ರಿಯ. ಪ್ಯಾಟ್ ಮೈರ್ 1993ರಲ್ಲಿ ಮಾಡಿದ 'ಡ್ಯಾನ್ಸ್ ಫಾರ್ ಎ ಚಿಕನ್' ಹೆಚ್ಚು ತಿಳಿಸುತ್ತದೆ. ಬ್ಲ್ಯಾಂಕ್ ವಿವರಿಸುವ ಗೋಜಿಗೇ ಹೋಗುವುದಿಲ್ಲ. ಅಡುಗೆ, ಕೂಲಿ, ಕುಣಿತ ಎಲ್ಲವನ್ನೂ ಒಂದರ ಪಕ್ಕ ಒಂದಿಡುತ್ತಾನೆ. ಹಬ್ಬ ಅಲ್ಲಿ ಕ್ಯಾಲೆಂಡರಿನ ದಿನವಾಗಿ ಕಾಣದೆ ಮನೆಯ ಒಲೆಯ ಮುಂದುವರಿಕೆಯಾಗಿ ಕಾಣುತ್ತದೆ. ಆದರೂ ಒಂದು ಕೊರತೆಯಿದೆ. ಈ ನಗುವ ಜನ ಪಕ್ಕದ ಬಿಳಿಯರ ಊರಿಗೆ ಹೋದಾಗ ಏನಾಗುತ್ತಿತ್ತು ಎಂಬುದು ಚಿತ್ರಕ್ಕೆ ಬೇಡವಾಗಿದೆ.

ಈಗ ಕ್ರಿಯೋಲ್ ಯುವಕರ ದೊಡ್ಡ ಸಂಭ್ರಮವೆಂದರೆ ವಾರಾಂತ್ಯದ ಕುದುರೆ ಸವಾರಿ ಕೂಟಗಳು. ಜೆರಮಾಯ ಆರಿಯಾಸ್ 2018ರಲ್ಲಿ ಇವುಗಳ ಛಾಯಾಚಿತ್ರಗಳ ಪುಸ್ತಕವೊಂದನ್ನು ಹೊರತಂದಿದ್ದಾರೆ. ಕುದುರೆಗಳ ಉದ್ದನೆಯ ಸಾಲು, ಹಿಂದೆ ಬಂಡಿ, ಝೈಡಿಕೊ, ಸಂಜೆ ಊಟ. ಕುದುರೆ ಪಳಗಿಸುವುದು ಇವರ ಮುತ್ತಜ್ಜಂದಿರ ಕಸುಬು; ಸಿನಿಮಾದ ಬಿಳಿಯ ಕೌಬಾಯ್ ಹುಟ್ಟುವ ಮೊದಲೇ ಆ ಹುಲ್ಲುಗಾವಲಿನಲ್ಲಿ ದನ ಕಾಯುತ್ತಿದ್ದವರು. ಇಲ್ಲಿ ಅಪ್ಪಣೆ ಕೇಳುವ ಬಾವುಟವಿಲ್ಲ, ಮುಖವಾಡವೂ ಇಲ್ಲ. ರಸ್ತೆಯ ಅರ್ಧ ಭಾಗ ಅವರದ್ದು, ಕಾರುಗಳು ಹಿಂದೆ ಕಾಯುತ್ತವೆ.