ಮನೆಯ ಕೇಳ್ಮೆ, ಶಾಲೆಯ ಓದು

ಕನ್ನಡ ನಾಡವರು ಕ್ರಮವಾಗಿ ಓದದೆಯೂ ಕಾವ್ಯಪ್ರಯೋಗವನ್ನು ಬಲ್ಲವರೆಂಬ ಕವಿರಾಜಮಾರ್ಗದ ಪ್ರಶಂಸೆ ಸುಪ್ರಸಿದ್ಧವಾದುದು. 9ನೆಯ ಶತಮಾನದಲ್ಲಿ ಈ ಗ್ರಂಥಕ್ಕೆ ಆಶ್ರಯವಿತ್ತ ನೃಪತುಂಗನ ರಾಜಧಾನಿ ಮಾನ್ಯಖೇಟವೇ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಅದೇ ಸೀಮೆಯ ಎಳೆಯರು ಪಠ್ಯಪುಸ್ತಕವನ್ನುಳಿದು ಬೇರೇನನ್ನೂ ಓದುವುದಿಲ್ಲವೆಂಬ ದೂರು ಬಂದಾಗ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ತಂದೆತಾಯಿಗಳು ಅಕ್ಷರವರಿಯದವರಾದುದರಿಂದ ಮಕ್ಕಳಿಗೆ ಓದಿನ ರುಚಿಯಿಲ್ಲವೆಂಬುದು ಒಂದು. ಜನಜೀವನವೇ ಕಾವ್ಯಮಯವಾಗಿರಲು ಪುಸ್ತಕದ ಹಂಗೇಕೆಂಬುದು ಇನ್ನೊಂದು. ಇವೆರಡೂ ವಿಮರ್ಶೆಗೆ ನಿಲ್ಲತಕ್ಕವಲ್ಲ.

ಮೊದಲು ಹೆತ್ತವರ ಮನೋಭಾವವನ್ನು ಪರಿಶೀಲಿಸಬಹುದು. ಈ ಭಾಗದ ಆಡುನುಡಿಯಲ್ಲಿ ವಿದ್ಯಾಭ್ಯಾಸಕ್ಕೆ ‘ಸಾಲಿ ಕಲಿಯುವುದು’ ಎಂದು ಹೆಸರು. ‘ಎಷ್ಟು ಸಾಲಿ ಕಲ್ತಾನ?’ ಎಂಬ ಪ್ರಶ್ನೆಯಲ್ಲಿ ಸಾಲಿಯು ಕಲಿಯುವ ಸ್ಥಳವಲ್ಲ; ಕಲಿಯುವ ವಸ್ತುವೇ ಆಗಿದೆ. ‘ಓದಿಕೋ’ ಎಂದು ತಂದೆ ಗದರಿದರೆ ಅದು ಪರೀಕ್ಷೆಯ ಪಾಠವನ್ನು ಕುರಿತದ್ದು. ಕತೆಯ ಪುಸ್ತಕ ಹಿಡಿದವನು ಅವನ ದೃಷ್ಟಿಯಲ್ಲಿ ಹೊತ್ತುಗಳೆಯುವವನು. ಇದನ್ನು ವಿದ್ಯೆಯ ಅನಾದರವೆನ್ನುವುದು ಅವಸರದ ತೀರ್ಪು. 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಪ್ರದೇಶದಲ್ಲಿ ಉನ್ನತ ವ್ಯಾಸಂಗವೂ ಕಚೇರಿಯ ವ್ಯವಹಾರವೂ ಪ್ರಧಾನವಾಗಿ ಉರ್ದುವಿನಲ್ಲಿ ನಡೆಯುತ್ತಿದ್ದುವು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಭಾಷೆಯೂ ಅದೇ. ಮನೆಯ ಮಾತು ಬೇರೆ, ಸಾಲಿಯ ಮಾತು ಬೇರೆಯಾಗಿರಲು ಸಾಲಿಯು ನೌಕರಿಯ ದಾರಿಯೆಂದು ಮಾತ್ರ ಮನಸ್ಸಿನಲ್ಲಿ ನೆಲೆಗೊಂಡುದು ಸಹಜ. 1956ರ ಏಕೀಕರಣದಿಂದ ಶಾಲೆಯ ಭಾಷೆ ಬದಲಾಯಿತು. ಆ ಭಾವನೆ ಬದಲಾಗಲಿಲ್ಲ. ಶಹಾಬಾದಿನ ಕಲ್ಲುಗಣಿಯಲ್ಲಿಯೋ ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿಯೋ ದುಡಿದ ತಂದೆಗೆ ಸಾಲಿಯು ಮಗನನ್ನು ಆ ಧೂಳಿನಿಂದ ಪಾರುಮಾಡುವ ಸಾಧನ.

ಆದರೆ ಇದೇ ಮನೆಗಳು ಸಾಹಿತ್ಯಶೂನ್ಯವಲ್ಲ. ಶ್ರಾವಣದಲ್ಲಿ ಗುಡಿಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬನು ಓದಲು, ಇನ್ನೊಬ್ಬನು ಅರ್ಥ ಹೇಳಲು, ಊರೇ ಕೇಳುತ್ತದೆ. ಕಡಕೋಳ ಮಡಿವಾಳಪ್ಪನ ತತ್ವಪದಗಳು, ಮೊಹರಮ್ಮಿನ ಅಲಾಯಿ ಪದಗಳು, ಚಿಂಚೋಳಿಯ ತಾಂಡಾಗಳ ಲಂಬಾಣಿ ಹಾಡುಗಳು ಎಳೆಯರ ಕಿವಿಯಲ್ಲಿವೆ. ನವರಾತ್ರಿಯಲ್ಲಿ ಓದಿಸುವ ಚಿದಾನಂದಾವಧೂತನ ದೇವೀಮಾಹಾತ್ಮೆಯು ಭಾಮಿನಿ ಷಟ್ಪದಿಯಲ್ಲಿದೆ. ಪ್ರೌಢಶಾಲೆಯಲ್ಲಿ ಪಾಠವಾಗುವ ಕುಮಾರವ್ಯಾಸನ ಪದ್ಯಗಳೂ ಅದೇ ಛಂದಸ್ಸಿನವು. ಮನೆಯಲ್ಲಿ ಕೇಳಿದ ಮಟ್ಟೇ ಶಾಲೆಯ ಪುಟದಲ್ಲಿರುವುದನ್ನು ಹುಡುಗನಿಗೆ ಯಾರೂ ತಿಳಿಸುವುದಿಲ್ಲ. ಪದ್ಯವನ್ನು ರಾಗವಾಗಿ ಓದಿಸುವುದಕ್ಕೆ ಮೊದಲೇ ಅದು ಪದಗಳ ಅರ್ಥ, ಸಂದರ್ಭ, ಸಾರಾಂಶಗಳಾಗಿ ಕತ್ತರಿಸಲ್ಪಡುತ್ತದೆ. ಹೆತ್ತವರ ಕೇಳ್ಮೆ ಹೊಸ್ತಿಲಲ್ಲಿ ನಿಂತುಹೋಗುತ್ತದೆ. ಶಾಲೆಯ ಓದು ಅಂಕಪಟ್ಟಿಯಲ್ಲಿ ಮುಗಿಯುತ್ತದೆ.

ಹಾಗೆಂದು ಕೇಳ್ಮೆಯೇ ಸಾಕೆಂಬ ಎರಡನೆಯ ಉತ್ತರವೂ ಸಲ್ಲದು. ಜನರನ್ನು ಹೊಗಳಿದ ಕವಿರಾಜಮಾರ್ಗವೇ ತನ್ನ ಮೊದಲನೆಯ ಪರಿಚ್ಛೇದವನ್ನು ಕಾವ್ಯದೋಷಗಳ ವಿವೇಚನೆಗೆ ಮೀಸಲಿಟ್ಟಿದೆ. ಸಹಜಪ್ರತಿಭೆಯೇ ಪರ್ಯಾಪ್ತವಾಗಿದ್ದರೆ ಆ ಗ್ರಂಥದ ಅವಶ್ಯಕತೆಯೇ ಇರುತ್ತಿರಲಿಲ್ಲ. ಚಿತ್ತಾಪುರ ತಾಲ್ಲೂಕಿನ ಶಂಕರವಾಡಿಯ ಚೆನ್ನಣ್ಣ ವಾಲೀಕಾರರೂ, 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಬದುಕು’ ಕಾದಂಬರಿಯ ಕರ್ತೃ ಗೀತಾ ನಾಗಭೂಷಣರೂ ಈ ನೆಲದ ಆಡುಮಾತನ್ನು ಗ್ರಂಥಸ್ಥಗೊಳಿಸಿದವರು. ಕಿವಿಯ ಸಂಪತ್ತು ಅಕ್ಷರದ ಶಿಸ್ತನ್ನು ಕೂಡಿದಾಗ ಏನಾಗುವುದೆಂಬುದಕ್ಕೆ ಅವರ ಕೃತಿಗಳೇ ಸಾಕ್ಷಿ.

ಆದುದರಿಂದ ಎಳೆಯರಲ್ಲಿ ಓದು ಬೆಳೆಯದಿರುವುದಕ್ಕೆ ಹೆತ್ತವರ ನಿರಕ್ಷರತೆಯನ್ನೇ ಕಾರಣವೆನ್ನುವುದು ನ್ಯಾಯವಲ್ಲ. ಕೊರತೆಯಿರುವುದು ಮನೆಯಲ್ಲಿ ಮಾತ್ರವಲ್ಲ, ಶಾಲೆಯಲ್ಲಿ ಮಾತ್ರವೂ ಅಲ್ಲ. ಎರಡನ್ನೂ ಬೆಸೆಯುವ ಕೊಂಡಿಯಲ್ಲಿ. ತಾಯಿ ಕೇಳಿದ ಪುರಾಣದ ಪದ್ಯವನ್ನು ಮಗಳು ಪುಸ್ತಕ ಹಿಡಿದು ತಾಯಿಗೇ ಓದಿ ಹೇಳುವಂತಾದರೆ, ‘ಓದು’ ಎಂಬ ಮಾತಿನ ಹಳೆಯ ವ್ಯಾಪ್ತಿ ಆ ಮನೆಗೆ ಮರಳುತ್ತದೆ. ಅದಕ್ಕೆ ಮೊದಲು ತರಗತಿಯಲ್ಲಿ ಒಂದು ಷಟ್ಪದಿಯಾದರೂ ಅರ್ಥ ಕೇಳುವ ಮುನ್ನ ಕಿವಿಗೆ ಬೀಳಬೇಕು.